ಬಾಲ ಸುಳ್ಳು, ಭಯ ನಿಜ

ಹಿಂದೂಪುರದಿಂದ ಮಡಕಶಿರದ ಕಡೆಗೆ ಸಾಗುವ ಹಾದಿಯ ಯಾವುದಾದರೊಂದು ಹಳ್ಳಿಯಲ್ಲಿ, ಬಿಸಿಲು ಇಳಿದರೂ ಬಂಡೆಗಳ ಕಾವು ಇನ್ನೂ ಆರದಿರುವ ಹೊತ್ತಿನಲ್ಲಿ, ಕನ್ನಡ ಶಾಲೆಯ ವಾರ್ಷಿಕೋತ್ಸವ ಮೊದಲಾಗುತ್ತದೆ. ತರಗತಿಯ ಬೆಂಚುಗಳನ್ನು ಜೋಡಿಸಿ ಹಲಗೆ ಹಾಸಿದ ರಂಗ. ಅದರ ಹಿಂದೆ ಯಾರದೋ ಮನೆಯಿಂದ ತಂದು ತೂಗುಹಾಕಿದ ಜಮಖಾನೆ. ಎರಡೇ ಎರಡು ದೀಪ, ಅವುಗಳ ಸುತ್ತ ಹುಳುಗಳ ಮುತ್ತಿಗೆ. ಗೋಣಿಯ ನಾರು ಹೊಸೆದು ಬಾಲವೆಂದು ಸೊಂಟಕ್ಕೆ ಕಟ್ಟಿಕೊಂಡ ಇಲಿಗಳ ದಂಡು ಒಳಗಿನಿಂದ ನುಗ್ಗಿ ಬರುವಾಗ ಒಂದು ಇಲಿಯ ಬಾಲ ಕಳಚಿ ಬೀಳುತ್ತದೆ, ಇಲಿ ಹಿಂದಿರುಗಿ ಬಂದು, ಬಾಲವನ್ನೆತ್ತಿ ಕಂಕುಳಲ್ಲಿ ಇರುಕಿಕೊಂಡು ಓಡುತ್ತದೆ, ಸಭೆಯೆಲ್ಲ ನಗೆಗಡಲಾಗುತ್ತದೆ.

ಅರ್ಧ ಗಂಟೆಯ ತರುವಾಯ ಅದೇ ಸಭೆಯ ಸ್ಥಿತಿ ಬೇರೆ. ಕಿಂದರಿ ಹಿಡಿದ ಜೋಗಿಯ ಬೆನ್ನಹಿಂದೆ ಊರಿನ ಮಕ್ಕಳೆಲ್ಲ ಕುಣಿಯುತ್ತ ಹೊರಟುಹೋಗಿದ್ದಾರೆ. ಊರುಗೋಲಿನ ಹುಡುಗನೊಬ್ಬನು ಓಡಲಾರದೆ ಹಿಂದುಳಿದು, ಬೆಟ್ಟದ ಬಾಗಿಲೆಂದು ಎಲ್ಲರೂ ಒಪ್ಪಿಕೊಂಡಿರುವ ಆ ಜಮಖಾನೆಯನ್ನು ಅಂಗೈಯಿಂದ ತಟ್ಟುತ್ತಿದ್ದಾನೆ. ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಕೈಗಳು ನಿಲ್ಲುತ್ತವೆ. ಬಾಲ ಗೋಣಿಯದೆಂದು ನಕ್ಕವರೇ, ಬೆಟ್ಟ ಜಮಖಾನೆಯದೆಂದು ಬಲ್ಲವರೇ, ಈಗ ಉಸಿರು ಬಿಗಿಹಿಡಿದು ಕುಳಿತಿದ್ದಾರೆ.

ಎಂದೂ ನಡೆಯಲಾರದ ಕಥೆಯನ್ನು, ನಂಬಲಾಗದ ವೇಷದಲ್ಲಿ, ಏನೂ ಅರಿಯದ ಮಕ್ಕಳು ಆಡಿ ತೋರಿಸುವಾಗ, ದೊಡ್ಡವರ ಎದೆಯಲ್ಲಿ ನಿಜವಾದ ಭಾವವೊಂದು ಹುಟ್ಟುವುದಾದರೂ ಹೇಗೆ? ಇದಕ್ಕೆ ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಹಿಂದೂಪುರ, ಧರ್ಮವರಂ, ತಾಡಪತ್ರಿ, ಕಲ್ಯಾಣದುರ್ಗಗಳ ಈ ಬಯಲುಸೀಮೆಯೇ ಅದಕ್ಕೆ ಬೇಕಾದ ಸಾಕ್ಷ್ಯವನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ.

ಹ್ಯಾಮೆಲಿನ್‌ನಿಂದ ಬೊಮ್ಮನಹಳ್ಳಿಗೆ

ಕಥೆಯ ಮೂಲ ಜರ್ಮನಿಯ ಹ್ಯಾಮೆಲಿನ್ ಪಟ್ಟಣ. 1284ರ ಜೂನ್ 26ರಂದು ಬಣ್ಣಬಣ್ಣದ ಉಡುಪಿನ ಕೊಳಲುಗಾರನೊಬ್ಬನು ಆ ಊರಿನ 130 ಮಕ್ಕಳನ್ನು ಕರೆದೊಯ್ದನೆಂದೂ ಅವರು ಮತ್ತೆ ಬರಲಿಲ್ಲವೆಂದೂ ಅಲ್ಲಿಯ ಐತಿಹ್ಯ. ಇದನ್ನು ಜಗತ್ತಿನ ಮಕ್ಕಳ ಸೊತ್ತಾಗಿ ಮಾಡಿದವನು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್. ಅವನ ಕಥನಕವನ ಅಚ್ಚಾದದ್ದು 1842ರಲ್ಲಿ.

ಆ ಕವನದ ಹುಟ್ಟಿನಲ್ಲಿಯೇ ರಂಗಭೂಮಿಯ ಸಂಬಂಧವೊಂದಿದೆ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ, ಚಿತ್ರ ಬರೆಯುವುದರಲ್ಲಿ ಆಸಕ್ತನಾದ ಒಬ್ಬ ಬಾಲಕನು ಚಿತ್ರಿಸುತ್ತ ಹೊತ್ತು ಕಳೆಯಲೆಂದು ಬ್ರೌನಿಂಗ್ ಅದನ್ನು ಬರೆದುಕೊಟ್ಟನು. ಆ ಬಾಲಕನು ಅಂದಿನ ಲಂಡನ್ನಿನ ಹಿರಿಯ ನಟನಾಗಿದ್ದ ವಿಲಿಯಂ ಮ್ಯಾಕ್ರೆಡಿಯ ಮಗ. ನಟನ ಮನೆಯ ಹುಡುಗನೊಬ್ಬನು ಕಣ್ಣಿಗೆ ಕಟ್ಟಿಕೊಳ್ಳಲೆಂದು ಹುಟ್ಟಿದ ಕಥೆ ಅಲ್ಲಿಂದ ಮುಂದೆ ಅಸಂಖ್ಯಾತ ರಂಗಗಳನ್ನು ಏರಿದುದರಲ್ಲಿ ಆಶ್ಚರ್ಯವಿಲ್ಲ.

1920ರ ದಶಕದಲ್ಲಿ, ಇನ್ನೂ ತರುಣರಾಗಿದ್ದ ಕುವೆಂಪು ಅವರು ಇದನ್ನು ಕನ್ನಡಕ್ಕೆ ತಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಬರೆದರು. ಜರ್ಮನಿಯ ನದಿ ಹೋಗಿ ತುಂಗೆ ಬಂದಳು; ನಗರಾಧ್ಯಕ್ಷನ ಸ್ಥಾನದಲ್ಲಿ ಊರಗೌಡನು ಕುಳಿತನು; ಕೊಳಲಿನ ಬದಲು ಕಿಂದರಿ ನುಡಿಯಿತು. ಕಿಂದರಿ, ಎಂದರೆ ಕಿನ್ನರಿ, ಮೀಟುತ್ತ ಊರೂರು ಅಲೆಯುವ ಜೋಗಿಯನ್ನು ಕನ್ನಡನಾಡೂ ತೆಲುಗುನಾಡೂ ಮೊದಲಿನಿಂದ ಬಲ್ಲವಾದುದರಿಂದ, ಮಲೆನಾಡಿನ ಈ ಕಥಾನಾಯಕನು ರಾಯಲಸೀಮೆಯ ಗಡಿಯಲ್ಲಿಯೂ ಪರಕೀಯನೆನಿಸಲಿಲ್ಲ.

ಕಥೆಯ ವೇಷ ಹೀಗೆ ಬದಲಾದರೂ ಅದರೊಳಗಿನ ಭಾವಗಳ ಅನುಕ್ರಮ ಬದಲಾಗಲಿಲ್ಲ. ಇಲಿಗಳ ಕಾಟದಿಂದ ಜುಗುಪ್ಸೆ ಮತ್ತು ಭಯ, ಜೋಗಿಯ ಆಗಮನದಿಂದ ಕುತೂಹಲ, ಇಲಿಗಳು ಹೊಳೆಯ ಪಾಲಾದಾಗ ಹರ್ಷ, ಕೊಟ್ಟ ಮಾತಿಗೆ ತಪ್ಪುವ ಗೌಡನಲ್ಲಿ ಲೋಭ, ಜೋಗಿಯಲ್ಲಿ ಕ್ರೋಧ, ಬೆಟ್ಟ ಬಾಯ್ದೆರೆದಾಗ ವಿಸ್ಮಯ, ಕೊನೆಗೆ ಶೋಕ. ಇಷ್ಟು ಸ್ವಲ್ಪ ಕಾಲದಲ್ಲಿ ಇಷ್ಟು ಭಾವಗಳ ಮೂಲಕ ಹಾದುಹೋಗುವ ಕಥೆ ಮಕ್ಕಳ ರಂಗಕ್ಕೆ ದೊರಕುವುದು ಅಪರೂಪ.

ಅಸಂಭವಕ್ಕೆ ಆಧಾರಸ್ತಂಭ

ಅದ್ಭುತಕಥೆಯನ್ನು ಆಡುವವರಿಗೆ ಇರುವ ತೊಡಕು ಸಾಮಾಜಿಕ ನಾಟಕದವರಿಗೆ ಇಲ್ಲ. ಮನೆ, ಕುರ್ಚಿ, ಸಾಲಗಾರ, ಮಾವ ಇವುಗಳನ್ನು ತೋರಿಸುವ ನಾಟಕದಲ್ಲಿ ನಟನು ಸ್ವಲ್ಪ ಸೋತರೂ ಕುರ್ಚಿಯಾದರೂ ನಿಜವಾದ ಕುರ್ಚಿಯಾಗಿರುತ್ತದೆ. ಅದ್ಭುತಕಥೆಯಲ್ಲಾದರೋ ಹೊರಗಿನದೆಲ್ಲವೂ ಕೃತಕ. ಪ್ರೇಕ್ಷಕನು ನಂಬಿಕೆಯಿಡಬಹುದಾದದ್ದು ಪಾತ್ರದ ಒಳಗಿನ ಭಾವವೊಂದೇ. ಅದೂ ಕೃತಕವಾದರೆ ನಾಟಕ ನಿಲ್ಲುವುದಕ್ಕೆ ನೆಲವೇ ಇರುವುದಿಲ್ಲ.

ಲೂಯಿಸ್ ಕ್ಯಾರಲ್‌ನ ಆಲಿಸಳನ್ನು ನೋಡಿ. 1865ರಲ್ಲಿ ಪ್ರಕಟವಾದ ಆ ಕಥೆಯಲ್ಲಿ, ಆಳೆತ್ತರವನ್ನು ಮೀರಿ ಬೆಳೆದುಬಿಟ್ಟ ಹುಡುಗಿ, ಪುಟ್ಟ ಬಾಗಿಲಿನಾಚೆ ಕಾಣುವ ತೋಟಕ್ಕೆ ಹೋಗಲಾರದೆ ಅತ್ತು, ಆ ಅಳುವಿನಿಂದ ಕೊಳವೇ ನಿರ್ಮಾಣವಾಗಿ, ಮರಳಿ ಕುಗ್ಗಿದಾಗ ತನ್ನ ಕಣ್ಣೀರಿನಲ್ಲಿ ತಾನೇ ಈಜಬೇಕಾಗುತ್ತದೆ. ರಂಗದ ಮೇಲೆ ಆಲಿಸಳು ತಮಾಷೆಗಾಗಿ ಅತ್ತರೆ ಕೊಳ ಬರಿಯ ಕುಚೋದ್ಯವಾಗುತ್ತದೆ. ತೋಟವು ಕಣ್ಣೆದುರಿಗಿದ್ದೂ ಕೈಗೆಟುಕದೆಂಬ ಸಂಕಟದಿಂದ ಅತ್ತರೆ ಮಾತ್ರ ಕೊಳವು ನಗೆಯನ್ನೂ ನಂಬಿಕೆಯನ್ನೂ ಒಟ್ಟಿಗೆ ತರುತ್ತದೆ. 1886ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಈ ಕಥೆ ಸಂಗೀತನಾಟಕವಾಗಿ ರಂಗವೇರಿದಾಗ, ನಾಟಕಪ್ರಿಯನಾದ ಕ್ಯಾರಲ್ ಪಾತ್ರಗಳ ಸ್ವಭಾವವನ್ನು ವಿವರಿಸಿ ಲೇಖನವನ್ನೇ ಬರೆದನು.

ಈ ಆಲಿಸಳನ್ನು ಕನ್ನಡದ ಮಕ್ಕಳಿಗೆ 'ಪಾತಾಳದಲ್ಲಿ ಪಾಪಚ್ಚಿ' ಎಂಬ ಹೆಸರಿನಲ್ಲಿ ಪರಿಚಯಿಸಿದವರು ಹಾಸ್ಯಲೇಖಕರೂ ಇತಿಹಾಸದ ಅಧ್ಯಾಪಕರೂ ಆದ ನಾ. ಕಸ್ತೂರಿ (1897–1987). ಕೇರಳದಲ್ಲಿ ಜನಿಸಿ, ಮೈಸೂರಿನಲ್ಲಿ ಕನ್ನಡದ ಲೇಖಕರಾಗಿ, ಉತ್ತರವಯಸ್ಸನ್ನು ಅವರು ಕಳೆದದ್ದು ಪುಟ್ಟಪರ್ತಿಯಲ್ಲಿ. ಇಂದು ಹಿಂದೂಪುರವನ್ನು ಒಳಗೊಂಡಿರುವ ಶ್ರೀ ಸತ್ಯಸಾಯಿ ಜಿಲ್ಲೆಯ ಕೇಂದ್ರ ಆ ಊರೇ. ಪಾಪಚ್ಚಿಯ ಕನ್ನಡ ಜನಕರು ಈ ಸೀಮೆಯ ನಿವಾಸಿಗಳಾಗಿದ್ದರೆಂಬುದು ಇಲ್ಲಿಯ ಶಾಲೆಗಳಿಗೆ ತಿಳಿದಿರಬೇಕಾದ ಸಂಗತಿ.

ತೆಲುಗು ಬಲ್ಲವರಿಗೆ ಇನ್ನೂ ಹತ್ತಿರದ ನಿದರ್ಶನ 1957ರ 'ಮಾಯಾಬಜಾರ್' ಚಿತ್ರ. ಶಶಿರೇಖೆಯ ರೂಪ ಧರಿಸಿದ ಘಟೋತ್ಕಚನನ್ನು ಅಲ್ಲಿ ಅಭಿನಯಿಸಿದವರು ಸಾವಿತ್ರಿ. ಮೈ ಕನ್ಯೆಯದು, ಅದರೊಳಗಿನ ಗರ್ವ, ಚೇಷ್ಟೆ, ಅಟ್ಟಹಾಸಗಳು ರಾಕ್ಷಸಕುಮಾರನವು. ಕ್ಯಾಮೆರಾದ ಚಮತ್ಕಾರಗಳಿಂದ ಕೀರ್ತಿ ಪಡೆದ ಆ ಚಿತ್ರದಲ್ಲಿ ಅತ್ಯಂತ ದೊಡ್ಡ ಚಮತ್ಕಾರ ಯಾವ ಯಂತ್ರದ ಸಹಾಯವೂ ಇಲ್ಲದೆ ಒಬ್ಬ ನಟಿಯ ದೇಹದಲ್ಲಿ ನಡೆಯಿತು. ಅದೇ ಚಿತ್ರದಲ್ಲಿ ಕೃಷ್ಣನಾಗಿದ್ದ ಎನ್.ಟಿ. ರಾಮರಾವ್ ಮುಂದೆ ಹಿಂದೂಪುರದ ಶಾಸಕರಾಗಿ 1985, 1989 ಮತ್ತು 1994ರಲ್ಲಿ ಆರಿಸಿ ಬಂದರು.

ಭರತನು ಹೇಳಿದ ಕ್ರಮ

ಶಾಲೆಯ ತಾಲೀಮಿನಲ್ಲಿ ಪದೇಪದೇ ಕೇಳಿಬರುವ ಆಜ್ಞೆಗಳು ಎರಡು: 'ಭಾವ ತಾ' ಮತ್ತು 'ಜೋರಾಗಿ ಅಳು'. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಅಭಿನಯಶಾಸ್ತ್ರದ ದೃಷ್ಟಿಯಿಂದ ಈ ಆಜ್ಞೆಗಳು ಬೇರನ್ನು ಬಿಟ್ಟು ಹೂವನ್ನು ಬೇಡುತ್ತವೆ.

ಭರತನ ನಾಟ್ಯಶಾಸ್ತ್ರದ ಪ್ರಕಾರ ಮನಸ್ಸಿನಲ್ಲಿ ನೆಲೆನಿಂತ ಸ್ಥಾಯಿಭಾವಗಳು 8, ಬಂದು ಹೋಗುವ ಸಂಚಾರಿಭಾವಗಳು 33, ಮೈಯಲ್ಲಿ ತಾವಾಗಿ ತೋರುವ ಸಾತ್ತ್ವಿಕಭಾವಗಳು 8, ಒಟ್ಟು 49. ಪಟ್ಟಿ ನೀರಸವೆನಿಸಬಹುದು, ಅದರ ಹಿಂದಿರುವ ಕ್ರಮವಾದರೋ ನೇರವಾಗಿ ತಾಲೀಮಿಗೆ ಸಂಬಂಧಪಟ್ಟದ್ದು. ಮೊದಲು ವಿಭಾವ, ಎಂದರೆ ಭಾವಕ್ಕೆ ಕಾರಣವಾದ ವ್ಯಕ್ತಿ, ವಸ್ತು, ಸನ್ನಿವೇಶ. ಅನಂತರ ಅನುಭಾವ, ಎಂದರೆ ಅದರಿಂದ ದೇಹದಲ್ಲಿ, ಮಾತಿನಲ್ಲಿ ಕಾಣುವ ಪರಿಣಾಮ. ಇವೆರಡರೊಡನೆ ಸಂಚಾರಿಗಳೂ ಕೂಡಿದಾಗ ಸಹೃದಯನಲ್ಲಿ ರಸ ನಿಷ್ಪನ್ನವಾಗುತ್ತದೆ.

'ಅಳು' ಎಂದು ಹೇಳುವ ಶಿಕ್ಷಕರು ಅನುಭಾವವನ್ನು ಕೇಳುತ್ತಿದ್ದಾರೆ, ವಿಭಾವವನ್ನು ಕೊಟ್ಟಿಲ್ಲ. ಕಾರಣವಿಲ್ಲದ ಕಾರ್ಯವನ್ನು ಮಗು ಹೇಗೆ ತಂದೀತು? ಅದು ತಾನು ಎಲ್ಲಿಯೋ ನೋಡಿದ ಅಳುವಿನ ಹೊರರೂಪವನ್ನು ತೆಗೆದುಕೊಂಡು, ಮುಷ್ಟಿಯಿಂದ ಕಣ್ಣುಜ್ಜಿ, ಭುಜ ಕುಲುಕಿಸುತ್ತದೆ. ಅದರ ಬದಲು, 'ಬೆಟ್ಟದೊಳಗಿಂದ ನಿನ್ನ ಗೆಳೆಯರ ನಗು ಇನ್ನೂ ಕೇಳಿಸುತ್ತಿದೆ. ಬಾಗಿಲು ಎಲ್ಲಿತ್ತೆಂದು ಹುಡುಕು' ಎಂದು ಹೇಳಿದರೆ ಮಗುವಿಗೆ ಮಾಡಲು ಒಂದು ಕೆಲಸ ದೊರಕಿತು. ಹುಡುಕುವ ಕೈ, ಆಲಿಸುವ ಕಿವಿ, ಸಿಗದಾಗ ಇಳಿಯುವ ಹೆಗಲು ಇವೆಲ್ಲವೂ ಕೇಳದೆಯೇ ಬರುತ್ತವೆ.

ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕಭಾವಗಳು ಮನಸ್ಸು ಏಕಾಗ್ರವಾದಾಗಲಲ್ಲದೆ ತೋರವೆಂದು ಭರತನ ಅಭಿಪ್ರಾಯ. ಕಣ್ಣೀರು ಆ ಪಟ್ಟಿಯಲ್ಲಿ ಏಳನೆಯದು. ಅದನ್ನು ಬರಿಸಬಲ್ಲದ್ದು ಏಕಾಗ್ರತೆ. ಮುಖದ ಸ್ನಾಯುಗಳಿಗೆ ಆ ಅಧಿಕಾರವಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ರಷ್ಯದ ಸ್ಟಾನಿಸ್ಲಾವ್‌ಸ್ಕಿ, 'ಈ ಸನ್ನಿವೇಶದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ' ಎಂಬ ಪ್ರಶ್ನೆಯಿಂದ ನಟನು ಹೊರಡಬೇಕೆಂದು ಬೋಧಿಸಿದಾಗ, ಬೇರೊಂದು ದಾರಿಯಿಂದ ಬಂದು ಇದರ ಹತ್ತಿರದಲ್ಲಿಯೇ ನಿಂತನು.

ಚಾವಣಿಯ ಚಿತ್ರ, ತೊಗಲಿನ ಮುಖ

ಮುಖವೇ ಭಾವದ ಏಕೈಕ ಸ್ಥಾನವೆಂಬ ನಂಬಿಕೆಯನ್ನು ಅಲುಗಿಸಬೇಕಾದರೆ ಹಿಂದೂಪುರದಿಂದ ಸುಮಾರು 15 ಕಿಲೋಮೀಟರು ಹೋಗಿ, ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ತಲೆಯೆತ್ತಿ ನಿಂತರೆ ಸಾಕು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ, ವಿರೂಪಣ್ಣ ವೀರಣ್ಣರೆಂಬ ಸಹೋದರರು ಕಟ್ಟಿಸಿದ ಈ ಆಲಯದ ಚಾವಣಿಯ ಮೇಲೆ ಪಾರ್ವತೀಕಲ್ಯಾಣ, ಕಿರಾತಾರ್ಜುನರ ಪ್ರಸಂಗ, ಕರುವನ್ನು ಕಳೆದುಕೊಂಡ ಹಸುವಿಗೆ ನ್ಯಾಯ ಸಲ್ಲಿಸಿದ ಚೋಳರಾಜನ ಕಥೆ ಮುಂತಾದುವು ಚಿತ್ರಿತವಾಗಿವೆ.

ಆ ಚಿತ್ರಗಳ ಮಂದಿಯಲ್ಲಿ ಬಹುಪಾಲು ಪಾರ್ಶ್ವಮುಖಿಗಳು. ಚೂಪಾದ ಮೂಗು, ಅಗಲವಾದ ಕಣ್ಣು. ಒಂದು ಮುಖಕ್ಕೂ ಇನ್ನೊಂದಕ್ಕೂ ಹೆಚ್ಚಿನ ಭೇದವಿಲ್ಲ. ಆದರೂ ಇವಳು ನಾಚಿದ್ದಾಳೆ, ಇವನು ಬೇಡುತ್ತಿದ್ದಾನೆ, ಇವರಿಬ್ಬರು ಗುಟ್ಟು ಆಡುತ್ತಿದ್ದಾರೆ ಎಂದು ಕೆಳಗೆ ನಿಂತವರಿಗೆ ತಿಳಿಯುತ್ತದೆ. ತಿಳಿಸುವುದು ಕತ್ತಿನ ಬಾಗು, ಕೈಯ ದೂರ, ಒಬ್ಬರ ಕಡೆಗೆ ಇನ್ನೊಬ್ಬರು ತಿರುಗಿದ ರೀತಿ. ನೂರಾರು ಜನ ಕುಳಿತ ಬಯಲಿನಲ್ಲಿ, ಕೊನೆಯ ಸಾಲಿಗೆ ಮಗುವಿನ ಹುಬ್ಬು ಕಾಣದಿರುವಲ್ಲಿ, ಈ ಪಾಠದ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಸಾಕ್ಷಿ ಧರ್ಮವರಂ ಬಳಿಯ ನಿಮ್ಮಲಕುಂಟ. ಆಡಿನ ತೊಗಲನ್ನು ಪಾರದರ್ಶಕವಾಗುವಂತೆ ಹದಗೊಳಿಸಿ, ಕೊರೆದು, ಬಣ್ಣ ತುಂಬಿ ಗೊಂಬೆ ಮಾಡುವ ಮನೆತನಗಳು ಆ ಊರಿನಲ್ಲಿವೆ. ಅಲ್ಲಿಯ ಹಿರಿಯ ಕಲಾವಿದರಾದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಗೌರವ ಸಂದಿತು. ಕನ್ನಡದಲ್ಲಿ ತೊಗಲುಬೊಂಬೆ, ತೆಲುಗಿನಲ್ಲಿ ತೋಲುಬೊಮ್ಮಲಾಟವೆಂದು ಕರೆಯುವ ಈ ಆಟದಲ್ಲಿ ಸೀತೆಯ ಮುಖವನ್ನು ಒಮ್ಮೆ ಕೊರೆದರೆ ಮುಗಿಯಿತು. ಅಗ್ನಿಪ್ರವೇಶದಲ್ಲಿಯೂ ಸ್ವಯಂವರದಲ್ಲಿಯೂ ಅದೇ ತುಟಿ, ಅದೇ ಕಣ್ಣು.

ಹಾಗಿದ್ದೂ ಪರದೆಯ ಮುಂದಿನವರು ಅಳುವುದು ಹೇಗೆ? ಗೊಂಬೆಯನ್ನು ಹಿಡಿದವನು ಅದನ್ನು ಪರದೆಯಿಂದ ಕೊಂಚ ಹಿಂದಕ್ಕೆ ಸರಿಸಿ ನೆರಳನ್ನು ಮಸುಕುಗೊಳಿಸುತ್ತಾನೆ. ತೋಳನ್ನು ತಡೆದು ತಡೆದು ಎತ್ತುತ್ತಾನೆ. ಹಾಡಿನ ಸ್ವರವನ್ನು ಒಡೆಯುತ್ತಾನೆ. ಚಲನೆಗೂ ಧ್ವನಿಗೂ ಕಾಲಕ್ಕೂ ಭಾವವನ್ನು ಹೊರುವ ಶಕ್ತಿ ಎಷ್ಟಿದೆಯೆಂಬುದಕ್ಕೆ ನಿಶ್ಚಲಮುಖದ ಈ ನಟರಿಗಿಂತ ಉತ್ತಮ ಪ್ರಮಾಣವಿಲ್ಲ.

ತಾಡಪತ್ರಿಯಲ್ಲಿ ಹುಟ್ಟಿದ ನಟ

ಮೂರನೆಯ ಸಾಕ್ಷಿ ಒಬ್ಬ ಮನುಷ್ಯ. 1880ರಲ್ಲಿ ತಾಡಪತ್ರಿಯಲ್ಲಿ ಜನಿಸಿ, ಬಳ್ಳಾರಿಯಲ್ಲಿ ವಕೀಲಿ ವೃತ್ತಿಯಲ್ಲಿದ್ದು, ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಅಭಿನಯಿಸಿ, 1946ರಲ್ಲಿ ಕಾಲವಾದ ಬಳ್ಳಾರಿ ರಾಘವರ ಹೆಸರನ್ನು ಎರಡು ರಾಜ್ಯಗಳೂ ತಮ್ಮದೆನ್ನುತ್ತವೆ; ಬಳ್ಳಾರಿಯ ರಾಘವ ಕಲಾಮಂದಿರ ಅವರ ಸ್ಮಾರಕ. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಬಳ್ಳಾರಿಯಲ್ಲಿ ಸರಸವಿನೋದಿನೀ ಸಭೆಯನ್ನು ಕಟ್ಟಿ, ಆಂಧ್ರ ನಾಟಕ ಪಿತಾಮಹರೆನಿಸಿದವರು.

ರಾಘವರ ಯೌವನದಲ್ಲಿ ನಾಟಕವೆಂದರೆ ಪದ್ಯ, ಪದ್ಯವೆಂದರೆ ರಾಗಾಲಾಪ. ಮಗನ ಶವದ ಮುಂದೆ ಚಂದ್ರಮತಿ ಕುಳಿತಿರಲಿ, ಯುದ್ಧಕ್ಕೆ ಅಭಿಮನ್ಯು ಹೊರಟಿರಲಿ, ಹಾರ್ಮೋನಿಯಂ ಶ್ರುತಿ ಹಿಡಿದು ರಾಗವನ್ನು ಬಳಸಿ ಬಳಸಿ ಹಾಡಬೇಕು. ಸಭೆ 'ಒನ್ಸ್ ಮೋರ್' ಎಂದರೆ ದುಃಖವನ್ನು ಮತ್ತೊಮ್ಮೆ ಮೊದಲಿನಿಂದ ಪ್ರಾರಂಭಿಸಬೇಕು. ರಾಘವರು ಈ ಸಂಪ್ರದಾಯಕ್ಕೆ ವಿರುದ್ಧವಾಗಿ ನಿಂತು, ಹಾಡಿನ ಭಾರದಡಿಯಲ್ಲಿ ಭಾವವನ್ನು ಹೂಳಬಾರದೆಂದೂ, ಮಾತು ಮನುಷ್ಯರ ಮಾತಿನಂತಿರಬೇಕೆಂದೂ, ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದೂ ವಾದಿಸಿ, ವಾದಿಸಿದಂತೆ ಆಡಿಯೂ ತೋರಿಸಿದರು.

ಪದ್ಯನಾಟಕದ ಸೊಗಸನ್ನು ಇದರಿಂದ ಯಾರೂ ಅಲ್ಲಗಳೆಯಬೇಕಾಗಿಲ್ಲ. ಕುರುಕ್ಷೇತ್ರವನ್ನೂ ಸತ್ಯಹರಿಶ್ಚಂದ್ರವನ್ನೂ ಈ ಹಳ್ಳಿಗಳು ಇಂದಿಗೂ ರಾತ್ರಿಯಿಡೀ ಕುಳಿತು ಕೇಳುತ್ತವೆ. ಆದರೆ ಮಕ್ಕಳ ನಾಟಕಕ್ಕೆ ರಾಘವರ ದಾರಿಯೇ ಹೆಚ್ಚು ಸಲ್ಲುವುದು. ಮಗುವಿನ ಕಂಠಕ್ಕೆ ದೀರ್ಘಾಲಾಪದ ಶಕ್ತಿಯಿಲ್ಲ. ಅದರ ಮೌನಕ್ಕಾದರೋ ಬೇಕಾದಷ್ಟು ಶಕ್ತಿಯಿದೆ.

ಪಾತ್ರದಿಂದ ಪಾತ್ರಕ್ಕೆ

ಈ ಸೂತ್ರಗಳನ್ನು ಹಿಡಿದು ಕಿಂದರಿಜೋಗಿಯ ಪಾತ್ರಗಳನ್ನು ನೋಡೋಣ. ಇಲಿಗಳ ಪಾತ್ರ ಎಲ್ಲಕ್ಕಿಂತ ಸುಲಭವೆಂದು ಭಾವಿಸಿ ಅವನ್ನು ಅತಿ ಕಿರಿಯರಿಗೆ ಕೊಡುವುದು ರೂಢಿ. ಆದರೆ ಇಲಿಯ ಭಾವ ಎರಡು ಬಗೆಯದು. ಮೊದಲು ಊರನ್ನೆಲ್ಲ ಆಳುವ ನಿರ್ಭಯತೆ. ಆಮೇಲೆ ನಾದ ಕೇಳಿದೊಡನೆ ಸ್ವಂತ ಇಚ್ಛೆಯನ್ನು ಕಳೆದುಕೊಂಡ ಮೋಹ. ಓಡುತ್ತಿದ್ದ ಇಲಿಗಳೆಲ್ಲ ಒಮ್ಮೆಗೇ ನಿಂತು, ಕಿವಿಯೊಂದನ್ನೇ ತಿರುಗಿಸುವ ಆ ಒಂದು ಗಳಿಗೆಯನ್ನು ಸಾಧಿಸಿದರೆ ನಾಟಕದ ಅರ್ಧ ಗೆದ್ದಂತೆ.

ಗೌಡನ ಪಾತ್ರ ಎಲ್ಲಕ್ಕಿಂತ ಕಠಿನ. ಬ್ರೌನಿಂಗ್‌ನ ನಗರಾಧ್ಯಕ್ಷನು ಸಾವಿರ ನಾಣ್ಯದ ಮಾತು ಕೊಟ್ಟು, ಕೆಲಸ ಮುಗಿದ ಮೇಲೆ ಐವತ್ತಕ್ಕೆ ಇಳಿಯುತ್ತಾನೆ. ಅವನನ್ನು ಮೀಸೆ ತಿರುವುವ ದುಷ್ಟನನ್ನಾಗಿ ಮಾಡಿಬಿಡುವುದು ಸುಲಭ. ಆದರೆ ಮಾತಿಗೆ ತಪ್ಪುವವನು ತಾನು ದುಷ್ಟನೆಂದು ಎಂದೂ ತಿಳಿದುಕೊಂಡಿರುವುದಿಲ್ಲ. ಊರಿನ ಹಣ ಉಳಿಸುತ್ತಿದ್ದೇನೆ, ಸತ್ತ ಇಲಿ ಹೇಗೂ ಮರಳಿ ಬಾರದು ಎಂಬ ಲೆಕ್ಕದಲ್ಲಿ ಅವನಿಗೆ ಪೂರ್ಣ ವಿಶ್ವಾಸವಿದೆ. ಆ ಲೆಕ್ಕವನ್ನು ನಂಬಿಕೊಂಡು ನಗುವ ಹುಡುಗನು ಸಿಕ್ಕಿದರೆ, ಅವನ ನಗೆಯೇ ಸಭೆಯನ್ನು ನಡುಗಿಸುತ್ತದೆ.

ಜೋಗಿಯ ಕ್ರೋಧಕ್ಕೆ ಗರ್ಜನೆ ಬೇಡ. ಹಿಂದೆ ಇಲಿಗಳಿಗಾಗಿ ನುಡಿಸಿದ ಕಿಂದರಿಯನ್ನು ಅವನು ಈಗ ಇನ್ನೊಮ್ಮೆ, ಅವಸರವಿಲ್ಲದೆ, ಹೆಗಲಿನಿಂದ ಇಳಿಸಿದರೆ ಸಾಕು. ಮುಂದೇನೆಂಬುದನ್ನು ಸಭೆ ತಾನೇ ಊಹಿಸಿ ಹೆದರುತ್ತದೆ. ಹೊರಟುಹೋಗುವ ಮಕ್ಕಳು ದುಃಖವನ್ನು ತೋರಲೇಬಾರದು. ಅವರ ಪಾಲಿಗೆ ಅದು ಜಾತ್ರೆ. ಅವರ ಸಂತೋಷ ಎಷ್ಟು ನಿರ್ಮಲವಾಗಿರುತ್ತದೆಯೋ ತಂದೆತಾಯಿಗಳ ಸಾಲಿನ ಆತಂಕ ಅಷ್ಟು ತೀವ್ರವಾಗುತ್ತದೆ.

ಉಳಿದುಹೋದ ಹುಡುಗನ ಶೋಕದಲ್ಲಿಯೂ ಒಂದು ಮಡಿಕೆಯಿದೆ. ಅವನು ಅಪಾಯದಿಂದ ಪಾರಾದವನೆಂದು ಊರು ತಿಳಿಯುತ್ತದೆ. ತಾನಾದರೋ ಸ್ವರ್ಗದ ಬಾಗಿಲಲ್ಲಿ ವಂಚಿತನಾದವನೆಂದು ಅವನ ಭಾವನೆ. ಊರಿನ ದುಃಖವೂ ಅವನ ದುಃಖವೂ ಒಂದೇ ಆಗಿರದ ಕಾರಣದಿಂದಲೇ ಅವನು ಅಷ್ಟು ಒಂಟಿ.

ಎರಡು ನುಡಿಗಳ ನಡುವೆ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋಗುವ ಪ್ರಯಾಣಿಕನು ಆಂಧ್ರದಿಂದ ಕರ್ನಾಟಕವನ್ನು ಹೊಕ್ಕು, ಪುನಃ ಆಂಧ್ರಕ್ಕೆ ಬರುತ್ತಾನೆ. ರಾಜ್ಯದ ಗಡಿ ಹೀಗೆ ಎರಡು ಸಲ ದಾಟಿದರೂ ಜನರ ನಾಲಗೆಯ ಮೇಲೆ ಅಂಥ ಗೆರೆಯಿಲ್ಲ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆ ಉಂಟಾಯಿತು. 1953ರಲ್ಲಿ ಆಂಧ್ರ ರಾಜ್ಯ ಉದಯಿಸಿದಾಗ ರಾಯದುರ್ಗ ಆ ಕಡೆಗೆ ಸೇರಿತು. 2022ರಲ್ಲಿ ಜಿಲ್ಲೆ ಎರಡಾಗಿ ಹಿಂದೂಪುರ ಒಂದರಲ್ಲಿಯೂ ಕಲ್ಯಾಣದುರ್ಗ ಇನ್ನೊಂದರಲ್ಲಿಯೂ ಉಳಿದುವು. ಮಡಕಶಿರ, ಅಮರಾಪುರ, ರೊಳ್ಳ, ರಾಯದುರ್ಗಗಳ ಕಡೆ ಕನ್ನಡ ಮನೆಮಾತಾಗಿಯೂ ಶಾಲೆಯ ಮಾತಾಗಿಯೂ ಮುಂದುವರಿದಿದೆ.

ಈ ಮಕ್ಕಳಿಗೆ ರಂಗದ ಮೇಲೆ ಒದಗುವ ಸನ್ನಿವೇಶ ವಿಶಿಷ್ಟವಾದದ್ದು. ಮನೆಯಲ್ಲಿ ತೆಲುಗು ಬೆರೆತ ಕನ್ನಡ, ಸಂತೆಯಲ್ಲಿ ತೆಲುಗು, ಪುಸ್ತಕದಲ್ಲಿ ಗ್ರಾಂಥಿಕ ಕನ್ನಡ. ನಾಟಕದ ಸಂಭಾಷಣೆಯನ್ನು ಅವರು ಬಾಯಿಪಾಠ ಮಾಡುವುದು ಈ ಮೂರನೆಯ ಪದರದಿಂದ. ಪಾಠ ಶುದ್ಧವಾಗಿರುತ್ತದೆ, ಭಾವ ಮಾತ್ರ ಹೊರಗೇ ನಿಂತಿರುತ್ತದೆ. ಅದೇ ಸನ್ನಿವೇಶವನ್ನು ತಾಲೀಮಿನಲ್ಲಿ ಒಮ್ಮೆ ಮನೆಯ ಮಾತಿನಲ್ಲಿ, ಬೈಗುಳ ಅಕ್ಕರೆಗಳೊಡನೆ, ಆಡಿಸಿ, ಬಳಿಕ ಪುಸ್ತಕದ ಮಾತಿಗೆ ಬರುವಂತೆ ಮಾಡಿದರೆ ಕೋಪವೂ ಮುನಿಸೂ ಮಾತಿನೊಳಕ್ಕೆ ತಾವಾಗಿ ಇಳಿಯುತ್ತವೆ.

ಸಭೆಯೂ ಎರಡು ನುಡಿಯದೇ. ಕನ್ನಡ ಓದಲು ಬಾರದ ಅಜ್ಜಿ, ಪಕ್ಕದ ತೆಲುಗು ಶಾಲೆಯ ಹುಡುಗ, ಎಲ್ಲರೂ ಬಂದಿರುತ್ತಾರೆ. ಇಂತಹ ಸಭೆಯ ಮುಂದೆ ಆಡುವ ಮಗು, ಮಾತಿನ ಆಸರೆಯೊಂದನ್ನೇ ನೆಚ್ಚದೆ, ಮೈಯಿಂದಲೂ ಲಯದಿಂದಲೂ ಅರ್ಥ ಮುಟ್ಟಿಸುವುದನ್ನು ಬೇಗನೆ ಕಲಿಯುತ್ತದೆ. ಗಡಿನಾಡಿನವರು ಕೊರತೆಯೆಂದು ಕೊರಗುವ ದ್ವಿಭಾಷಿಕತೆ ರಂಗದ ಮೇಲೆ ಉಪಕಾರಕವಾಗುವ ಬಗೆ ಇದು.

ಅಳಿಸಿ ಕಲಿಸುವ ಅಪಾಯ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿಜವಾದ ಕಣ್ಣೀರು ಬೇಕೆಂದು, ಸತ್ತ ಅಜ್ಜನನ್ನು ನೆನೆಸಿಕೊಳ್ಳೆಂದು ಮಗುವಿಗೆ ಹೇಳುವುದುಂಟು. ತಾಲೀಮಿಗೆ ಮುಂಚೆ ಗದರಿಸಿ ಅಳಿಸುವುದೂ ಉಂಟು. ಟೆಲಿವಿಷನ್ನಿನ ಸ್ಪರ್ಧೆಗಳಲ್ಲಿ ಮಗುವಿನ ಅಳುವನ್ನೇ ಸಮೀಪದಿಂದ ಹಿಡಿದು ತೋರಿಸುವ ಪದ್ಧತಿ ಈ ಅಭ್ಯಾಸಕ್ಕೆ ಇನ್ನಷ್ಟು ಮರ್ಯಾದೆ ತಂದುಕೊಟ್ಟಿದೆ. ಪ್ರಾಪ್ತವಯಸ್ಕನಾದ ನಟನು ತನ್ನ ಗಾಯವನ್ನು ತಾನು ಮುಟ್ಟಿಕೊಳ್ಳಬಹುದು. ಮಗುವಿನ ಗಾಯವನ್ನು ಇನ್ನೊಬ್ಬರು ಕೆದಕುವುದು ಶಿಕ್ಷಣವೆನಿಸದು.

ಅದ್ಭುತಕಥೆಯ ದೊಡ್ಡ ಉಪಯೋಗ ಇರುವುದೂ ಇಲ್ಲಿಯೇ. ಜೋಗಿ ನಿಜವಾಗಿ ಇಲ್ಲ, ಬೆಟ್ಟ ನಿಜವಾಗಿ ತೆರೆಯುವುದಿಲ್ಲ ಎಂಬ ಅರಿವು ಮಗುವನ್ನು ಕಾಪಾಡುತ್ತದೆ. ಅಗಲಿಕೆಯ ನೋವನ್ನು ಅದು ತನ್ನದಲ್ಲದ ಊರಿನಲ್ಲಿ, ತನ್ನದಲ್ಲದ ಹೆಸರಿನಲ್ಲಿ ಅನುಭವಿಸಿ ನೋಡಿ, ಬಣ್ಣ ತೊಳೆದುಕೊಂಡು ಊಟಕ್ಕೆ ಮನೆಗೆ ಬರುತ್ತದೆ.

ಕನ್ನಡದ ಮಕ್ಕಳ ರಂಗಭೂಮಿಯನ್ನು ಕಟ್ಟಿದವರು ಈ ಮರ್ಮವನ್ನು ಬಲ್ಲವರಾಗಿದ್ದರು. ಬಿ.ವಿ. ಕಾರಂತರು (1929–2002) ಬಾಲ್ಯದಲ್ಲಿ ಮೊದಲು ರಂಗವೇರಿದ್ದು ಕುವೆಂಪು ಅವರ ಮಕ್ಕಳ ನಾಟಕ 'ನನ್ನ ಗೋಪಾಲ'ದಲ್ಲಿ. ಮುಂದೆ ಅವರು 'ಪಂಜರಶಾಲೆ'ಯಂಥ ನಾಟಕಗಳಲ್ಲಿ ಮಕ್ಕಳ ಕೂಗು, ಓಟ, ಹಾಡುಗಳನ್ನೇ ನಾಟಕದ ಜೀವವನ್ನಾಗಿ ಮಾಡಿದರು. ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಪ್ರಾರಂಭಿಸಿದರು. ಮೈಸೂರಿನ ರಂಗಾಯಣವು ಬೇಸಗೆಯ ರಜೆಯಲ್ಲಿ ಚಿಣ್ಣರ ಮೇಳವನ್ನು ನಡೆಸಿಕೊಂಡು ಬಂದಿದೆ. ಇವುಗಳಲ್ಲಿ ಆಟ ಮುಂದೆ, ಅಭಿನಯ ಹಿಂದೆ. ಆಟದಲ್ಲಿ ಮೈಮರೆತ ಮಗುವಿಗೆ ಭಾವವನ್ನು ಪ್ರತ್ಯೇಕವಾಗಿ ಕಲಿಸುವ ಪ್ರಮೇಯ ಕಡಮೆ.

ನೋಡುವವರ ಪಾಲು

ಭಾವಾಭಿನಯದ ಹೊಣೆ ಆಡುವವರೊಬ್ಬರದೇ ಅಲ್ಲ. 1904ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಜೆ.ಎಂ. ಬ್ಯಾರಿಯ 'ಪೀಟರ್ ಪ್ಯಾನ್' ಮೊದಲು ಪ್ರದರ್ಶಿತವಾದಾಗ, ಸಾಯುತ್ತಿರುವ ಯಕ್ಷಿಣಿಯನ್ನು ಉಳಿಸಲು ಯಕ್ಷಿಣಿಯರನ್ನು ನಂಬುವವರೆಲ್ಲ ಚಪ್ಪಾಳೆ ತಟ್ಟಬೇಕೆಂದು ಪೀಟರ್ ಸಭೆಯನ್ನು ಬೇಡಿಕೊಂಡನು. ಸಭೆ ಸುಮ್ಮನಿದ್ದರೆ ವಾದ್ಯಗಾರರೇ ವಾದ್ಯ ಕೆಳಗಿಟ್ಟು ಚಪ್ಪಾಳೆ ಹೊಡೆಯಬೇಕೆಂದು ಬ್ಯಾರಿ ಮುನ್ನೆಚ್ಚರಿಕೆಯಿಂದ ಏರ್ಪಾಡು ಮಾಡಿದ್ದನು. ಅದರ ಅವಶ್ಯಕತೆ ಬೀಳಲಿಲ್ಲ. ಆ ಯಕ್ಷಿಣಿ ರಂಗದ ಮೇಲೆ ಬರಿಯ ಒಂದು ಬೆಳಕಿನ ಚುಕ್ಕಿ.

ನಮ್ಮ ವಾರ್ಷಿಕೋತ್ಸವಗಳಲ್ಲಿ ಸಭಿಕರ ಪಾಲು ಬೇರೆ ರೂಪದ್ದು. ತಾಯ್ತಂದೆಗಳು ಮೊಬೈಲುಗಳನ್ನೆತ್ತಿ ಹಿಡಿದು ತಮ್ಮ ಮಗುವನ್ನಷ್ಟೇ ಚಿತ್ರೀಕರಿಸುತ್ತಾರೆ. ಮಗುವೂ ಗೌಡನನ್ನು ನೋಡುವುದನ್ನು ಬಿಟ್ಟು ಮೊಬೈಲನ್ನು ನೋಡುತ್ತದೆ. ಗೌಡನು ಯಾರಿಗೆ ಮೋಸ ಮಾಡಿದನೆಂಬುದೇ ಆಗ ಉಳಿಯುವುದಿಲ್ಲ. ವಿಭಾವವು ಎದುರಿಗಿರುವ ಪಾತ್ರದಲ್ಲಿದೆ. ಅದರಿಂದ ಕಣ್ಣು ಕಿತ್ತ ಕ್ಷಣವೇ ಭಾವದ ಮೂಲ ಬತ್ತುತ್ತದೆ.

ಆದುದರಿಂದ ತಾಲೀಮಿನಿಂದ ಮನೆಗೆ ಬಂದ ಮಗುವನ್ನು, ನಿನಗೆ ಎಷ್ಟು ಮಾತು ಕೊಟ್ಟಿದ್ದಾರೆ, ನಿನ್ನ ವೇಷ ಯಾವುದು ಎಂದು ಕೇಳುವುದಕ್ಕಿಂತ, ನಿನ್ನ ಪಾತ್ರಕ್ಕೆ ಏನು ಬೇಕಾಗಿದೆ, ಅದು ಯಾರ ಹತ್ತಿರ ಇದೆ, ಅವರು ಕೊಡದಿದ್ದರೆ ನೀನೇನು ಮಾಡುವೆ ಎಂದು ಕೇಳುವುದು ಮೇಲು. ಇಲಿಗೆ ಕಾಳು ಬೇಕು. ಗೌಡನಿಗೆ ಹಣ ಉಳಿಯಬೇಕು. ಜೋಗಿಗೆ ನ್ಯಾಯ ಬೇಕು. ಕುಂಟನಿಗೆ ಜೊತೆ ಬೇಕು. ಬೇಕಾದದ್ದನ್ನು ಪಡೆಯಲು ಮನಃಪೂರ್ವಕವಾಗಿ ಯತ್ನಿಸುವ ಮಗುವಿನ ಮುಖದಲ್ಲಿ ಭಾವವಿದೆಯೇ ಎಂದು ಯಾವ ತೀರ್ಪುಗಾರನೂ ಪರೀಕ್ಷಿಸಬೇಕಾಗಿ ಬರುವುದಿಲ್ಲ. ಇನ್ನೊಬ್ಬರಿಗೆ ಏನು ಬೇಕೆಂದು ಒಂದು ತಿಂಗಳ ಕಾಲ ಹೀಗೆ ಯೋಚಿಸಿ ಅಭ್ಯಾಸವಾದ ಮಗು, ನಾಟಕ ಮುಗಿದ ಮೇಲೂ ಆ ಅಭ್ಯಾಸವನ್ನು ಸುಲಭವಾಗಿ ಬಿಡಲಾರದು.